ಕಡಲಿಲ್ಲದ ಬೀಚಿಗೆ ಬಲಸುತ್ತು

ನಾವಿದ್ದ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ‘ಬೀಚ್’ ಎಂಬ ಪದ ಮೂರು ಕಡೆ ಇತ್ತು. ನಮ್ಮ ಊರಾದ ವಾಲ್ನಟ್ ಕ್ರೀಕಿಗೂ ಕಡಲಿಗೂ ನಡುವೆ ಒಂದು ಬೆಟ್ಟಸಾಲು, ಒಂದು ಕೊಲ್ಲಿ, ಅದರ ಮೇಲೊಂದು ಸೇತುವೆ, ಸಾಲದ್ದಕ್ಕೆ ಇಡೀ ಸ್ಯಾನ್ ಫ್ರಾನ್ಸಿಸ್ಕೋ ಊರೇ ಅಡ್ಡ ಬರುತ್ತದೆ. ಜಾಹೀರಾತು ಬರೆದವನು ಇಂಥ ಸಣ್ಣಪುಟ್ಟ ಅಡ್ಡಿಗಳಿಗೆಲ್ಲ ಸೊಪ್ಪು ಹಾಕುವವನಾಗಿರಲಿಲ್ಲ. ಈಜುಕೊಳದ ಸುತ್ತ ಲಾರಿಗಟ್ಟಲೆ ಮರಳು ಸುರಿಸಿ, ನೆರಳು ಕೊಡದ ಮರ ಯಾವುದೆಂದು ಹುಡುಕಿ ಅಂಥವೇ ಆರನ್ನು ನೆಡಿಸಿದ್ದರು. ಕಡಲೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ಬಿಸಿಲಂತೂ ಧಾರಾಳ. ಬೆಟ್ಟದಾಚೆಯ ನಿಜವಾದ ಬೀಚಿನಲ್ಲಿ ಜುಲೈನಲ್ಲೂ ಮಂಜು ಕವಿದಿರುತ್ತಿತ್ತು. ಭಾನುವಾರ ಅಲ್ಲಿಗೆ ಹೋದರೆ ಸ್ವೆಟರ್ ಹಾಕಿಕೊಂಡು ಪುಳಿಯೋಗರೆ ತಿಂದು ನಡುಗುತ್ತ ವಾಪಸಾಗುತ್ತಿದ್ದೆವು. ಈಚೆಗೆ ಬಂದರೆ ಥರ್ಮಾಮೀಟರು ನೂರು ಡಿಗ್ರಿ ದಾಟಿ ಕೂತಿರುತ್ತಿತ್ತು. ಮರಳುಗಾಡನ್ನೂ ಕಡಲತೀರವನ್ನೂ ಒಂದೇ ಕಾಂಪೌಂಡಿನೊಳಗೆ ಸೇರಿಸಿ, ಬಾಡಿಗೆ ಹೆಚ್ಚಿಸಿದ ಪುಣ್ಯ ನಮ್ಮ ಅಪಾರ್ಟ್‌ಮೆಂಟಿನವರದು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಈ ಬೀಚಿಗೆ ರಾಯಚೂರಿನಿಂದ ನಮ್ಮಜ್ಜಿ ಬಂದಳು. ಅಪ್ಪನ ತಾಯಿ. ಆರು ತಿಂಗಳಿದ್ದು ದಸರೆ ಹೊತ್ತಿಗೆ ವಾಪಸು ಹೋಗುವುದೆಂದು ಟಿಕೆಟ್ಟೂ ಆಗಿತ್ತು. ಬಂದ ಎರಡು ತಿಂಗಳಿಗೇ ಅಪ್ಪನ ಸ್ನೇಹಿತರಾದ ಮೈಸೂರಿನ ಡಾಕ್ಟರೊಬ್ಬರು ಅಜ್ಜಿಯ ರಕ್ತ ಪರೀಕ್ಷೆ ಮಾಡಿಸಿ ಮುಖ ಗಂಟಿಕ್ಕಿದರು. ಸಕ್ಕರೆ ಕಾಯಿಲೆ ಗುಳಿಗೆಗೆ ಬಗ್ಗುತ್ತಿಲ್ಲ. ದಿನಾ ಅರ್ಧ ಗಂಟೆ ನಡೆಯಬೇಕು. ಆರು ವಾರ ಬಿಟ್ಟು ಮತ್ತೆ ನೋಡೋಣ. ಇಳಿಯದಿದ್ದರೆ ಇನ್ಸುಲಿನ್ ಇಂಜೆಕ್ಷನ್ನು, ದಿನಾ ಬೆಳಿಗ್ಗೆ.

ಅಜ್ಜಿ ಸೂಜಿಗೆ ಹೆದರಲಿಲ್ಲ. ಹೆದರಿಸಿದ್ದು ಅಪ್ಪ ಕಾರಿನಲ್ಲಿ ಆಡಿದ ಮಾತು.

“ಅವ್ವಾ, ಆ ಔಷಧ ಫ್ರಿಜ್ಜಿನ್ಯಾಗ ಇಡಬೇಕು. ರಾಯಚೂರಾಗ ಕರೆಂಟ್ ಎಲ್ಲ್ಯದ? ಇಂಜೆಕ್ಷನ್ ಶುರು ಆತಂದ್ರ ನೀ ಇಲ್ಲೇ ಇದ್ದುಬಿಡು.”

“ಇಲ್ಲೇ ಇದ್ದು ಏನ್ ಮಾಡ್ಲಿ? ಅಕ್ಕನ ಜೊತಿ ಜಗಳ ಅರ್ಧಕ್ಕ ಬಿಟ್ಟು ಬಂದೀನಿ.”

ಇದು ತಮಾಷೆಯ ಮಾತಲ್ಲ. ಅಜ್ಜಿಯ ಅಕ್ಕ ಎದುರುಮನೆಯಲ್ಲೇ ಇದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು, ತವರಿನ ಒಂದು ತಾಮ್ರದ ಹಂಡೆ ಯಾರಿಗೆ ಸೇರಬೇಕಿತ್ತೆಂದು ನಲವತ್ತು ವರ್ಷದಿಂದ ದಿನಾ ಸಂಜೆ ಜಗಳವಾಡುತ್ತಿದ್ದರು. ಆ ಅಕ್ಕನಿಗೆ ಎಂಬತ್ತು ದಾಟಿತ್ತು. ಅಜ್ಜಿಯ ಅವಸರ ನನಗೆ ಅರ್ಥವಾಗಿತ್ತು ಎಂದರೆ ಸುಳ್ಳಾದೀತು. ನನಗೆ ಆಗ ಹದಿನೇಳು, ಅರ್ಥಮಾಡಿಕೊಳ್ಳುವುದಕ್ಕಿಂತ ಖಂಡಿಸುವುದರಲ್ಲಿ ಪಳಗಿದ್ದೆ. ಹೈಸ್ಕೂಲಿನ ಡಿಬೇಟ್ ತಂಡದಲ್ಲಿದ್ದೆ. ಅಲ್ಲಿ ನಾಣ್ಯ ಚಿಮ್ಮಿ ಪಕ್ಷ ಹಂಚುತ್ತಿದ್ದರು. ಬೆಳಿಗ್ಗೆ ಪರವಾಗಿ ಗೆದ್ದ ವಿಷಯವನ್ನು ಮಧ್ಯಾಹ್ನ ವಿರೋಧಿಸಿ ಗೆಲ್ಲುವವರಿಗೆ ಅಲ್ಲಿ ಟ್ರೋಫಿ, ಮನೆಯಲ್ಲಿ ಬೈಗುಳ.

ಅಪ್ಪ ಅಮ್ಮ ಬೆಳಿಗ್ಗೆ ಆರೂವರೆಗೇ ಆಫೀಸಿಗೆ ಫ್ರೀವೇ ಹಿಡಿಯುತ್ತಿದ್ದರು. ನನ್ನ ಸಮ್ಮರ್ ಸ್ಕೂಲು ಮುಗಿಯುತ್ತಿದ್ದದ್ದು ಎರಡಕ್ಕೆ. ಅಜ್ಜಿಯ ಅಡುಗೆ, ಪೂಜೆ, ಊಟ ಮುಗಿಯುತ್ತಿದ್ದದ್ದೂ ಆಗಲೇ. ಹಾಗಾಗಿ ನಮ್ಮ ವಾಕಿಂಗಿನ ಹೊತ್ತು ಮಧ್ಯಾಹ್ನ ಮೂರು. ನಾಯಿಗಳು ಕಾರಿನಡಿ ಮಲಗುವ ಹೊತ್ತು. ಕಾಂಪೌಂಡಿನ ಹೊರಗೆ ಫುಟ್‌ಪಾತಿರಲಿಲ್ಲ. ಪಾರ್ಕಿಂಗ್ ಜಾಗದ ಡಾಂಬರು ಚಪ್ಪಲಿಯನ್ನು ಹಿಡಿದುಕೊಳ್ಳುತ್ತಿತ್ತು. ಉಳಿದದ್ದು ಬೀಚಿನ ಸುತ್ತಲಿನ ಸಿಮೆಂಟಿನ ದಾರಿ.

“ಅಜ್ಜಿ, ಈ ಬಿಸಿಲಲ್ಲಿ ವಾಕಿಂಗ್ ಹೋದ್ರೆ ಶುಗರ್‌ಗಿಂತ ಮುಂಚೆ ಸನ್‌ಸ್ಟ್ರೋಕೇ ಆಗುತ್ತೆ.”

“ಇದಕ್ಕ ಬಿಸಿಲಂತಾರೇನು? ರಾಯಚೂರಾಗ ಇಷ್ಟು ಇದ್ರ ಶಾಲು ಹೊದ್ಕೋತೀವಿ. ನಡಿ.”

ಇಳಕಲ್ ಸೀರೆ, ಅಪ್ಪನ ಹಳೆಯ ಬಿಳಿ ಕ್ಯಾನ್ವಾಸ್ ಬೂಟು, ಕರಿಯ ಕೊಡೆ. ಮೊದಲ ದಿನ ಪಕ್ಕದ ಬ್ಲಾಕಿನ ಮುದುಕ ಕೊಡೆ ನೋಡಿ, ಆಕಾಶ ನೋಡಿ, ಮಳೆ ಬರುವಂತಿದೆಯೇ ಎಂದು ನನ್ನನ್ನು ಕೇಳಿದ. ಮರಳಿನ ಮೇಲೆ ಎಣ್ಣೆ ಬಳಿದುಕೊಂಡು ಸಾಲಾಗಿ ಮಲಗಿದ್ದ ಜನರನ್ನು ಅಜ್ಜಿ ದಾಟುತ್ತ ಹೋದಳು, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ದಾಟುವಷ್ಟು ಎಚ್ಚರದಿಂದ.

“ಪಾಪ, ನೆರಳಿಗೆ ಬರ್ರೀ ಅನ್ನಾವ್ರು ಇವರ ಮನ್ಯಾಗ ಯಾರೂ ಇಲ್ಲೇನು?”

ಎರಡನೆಯ ದಿನ ಗಮನಿಸಿದೆ. ಅಜ್ಜಿ ಕೊಳವನ್ನು ಬಲಕ್ಕೆ ಇಟ್ಟುಕೊಂಡೇ ನಡೆಯುತ್ತಿದ್ದಳು. ಬಾಯಲ್ಲಿ ಏನೋ ಸ್ತೋತ್ರ. ಪ್ರತಿ ಸುತ್ತಿಗೆ ಒಂದು ಹುಣಸೆಬೀಜ ಸೆರಗಿನ ಗಂಟಿನಿಂದ ಎಡಗೈಗೆ ಬರುತ್ತಿತ್ತು. ವಾಕಿಂಗ್ ಅಲ್ಲ ಇದು, ಪ್ರದಕ್ಷಿಣೆ! ನನ್ನೊಳಗಿನ ವಿಚಾರವಾದಿಗೆ ತಡೆಯಲಾಗಲಿಲ್ಲ.

“ಪ್ರದಕ್ಷಿಣೆಗೆ ನಡುವೆ ದೇವರಿರಬೇಕಲ್ವಾ? ಇಲ್ಲಿರೋದು ಕ್ಲೋರಿನ್ ನೀರು.”

“ನೀರಂದ್ರ ಗಂಗಿ.”

“ಔಷಧಿ ಹಾಕಿರೋ ಗಂಗೆ.”

“ನನಗೂ ದಿನಾ ಗುಳಿಗಿ ಹಾಕ್ತೀರಲ್ಲ, ನಾ ನಿಮ್ಮಜ್ಜಿ ಹೌದಿಲ್ಲೊ?”

ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಯಾರೂ ನನಗೆ ಹಾಗೆ ಉತ್ತರ ಕೊಟ್ಟಿರಲಿಲ್ಲ. ಆದರೂ ಬಿಡಲಿಲ್ಲ. ಎಡದಿಂದ ನಡೆದರೂ ಬಲದಿಂದ ನಡೆದರೂ ಕರಗುವ ಸಕ್ಕರೆ ಒಂದೇ ಎಂದು ದಿನಾ ಮೂರರಿಂದ ಮೂರೂವರೆವರೆಗೆ ವಾದಿಸಿದೆ. ಅಜ್ಜಿ ಬೀಜ ಎಣಿಸುತ್ತ ನಡೆದಳು. ಮೂರನೆಯ ವಾರಕ್ಕೆ ಉಬ್ಬಸ ಕಡಿಮೆಯಾಯಿತು. ಹತ್ತು ಬೀಜದಲ್ಲಿ ಶುರುವಾದದ್ದು ಇಪ್ಪತ್ತೊಂದು ಬೀಜಕ್ಕೆ ಬಂತು.

ತೊಂದರೆ ಬಂದದ್ದು ಎದುರಿನಿಂದ, ಅಕ್ಷರಶಃ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಒಂದು ಜಾಗಿಂಗ್ ತಂಡ ಓಡುತ್ತಿತ್ತು. ಬೆವರು ಸುರಿಸಲೆಂದೇ ಬಿಸಿಲಿನ ಹೊತ್ತು ಆರಿಸಿಕೊಂಡವರು. ಹಣೆಗೆ ಬಣ್ಣದ ಪಟ್ಟಿ, ಸೊಂಟಕ್ಕೆ ವಾಕ್‌ಮನ್ನು. ಅವರ ಮುಂದಾಳು ಕೊರಳಿಗೆ ಸ್ಟಾಪ್‌ವಾಚು ತೂಗಿಹಾಕಿಕೊಂಡ ಒಬ್ಬ ಮಧ್ಯವಯಸ್ಕ. ಓಟದ ಮೈದಾನದಲ್ಲಿ ಓಡುವ ಹಾಗೆ ಅವರು ಕೊಳವನ್ನು ಎಡಕ್ಕೆ ಇಟ್ಟುಕೊಂಡೇ ಸುತ್ತುವವರು. ಯಾಕೆಂದು ಅವನನ್ನು ಕೇಳಿದ್ದೆ. ‘ಎಲ್ಲರೂ ಹಾಗೇ ಓಡುತ್ತಾರೆ’ ಎಂದ. ಮೂಢನಂಬಿಕೆಗೆ ಬೂಟು ತೊಡಿಸಿದರೆ ಕ್ರೀಡೆಯಾಗುತ್ತದೆ ಎಂದು ಅಂದೇ ಡೈರಿಯಲ್ಲಿ ಬರೆದುಕೊಂಡೆ.

ಒಂದು ದಿನ ಅಜ್ಜಿಯ ಕೊಡೆಯ ಅಂಚು ತಪ್ಪಿಸಿಕೊಳ್ಳಲು ಹೋಗಿ ಆ ಮುಂದಾಳು ಮರಳಿಗೆ ಹಾರಿ, ಒಣಗುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ಅಂಗಾತ ಬಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ನೋಟೀಸ್ ಬೋರ್ಡಿನಲ್ಲಿ ಮ್ಯಾನೇಜರಮ್ಮನ ಸಹಿಯೊಂದಿಗೆ ಕಾಗದ ಬಂತು: ಸುರಕ್ಷತೆಯ ದೃಷ್ಟಿಯಿಂದ ಎಲ್ಲರೂ ಕೊಳವನ್ನು ಎಡಕ್ಕೆ ಇಟ್ಟುಕೊಂಡೇ ಸಾಗಬೇಕು.

ನಾನು ಓದಿ ಹೇಳಿದೆ.

“ಆಗ್ಲಿ ಬಿಡು. ಅವರು ಹೇಳಿದಂಗೇ ಹೋಗೋಣು. ಅದು ದೇವರಲ್ಲಂತ ನೀನ ದಿನಾ ಬಡಕೋತಿದ್ದೆಲ್ಲ.”

ಮೂರು ವಾರದ ನನ್ನ ವಾದ ಗೆದ್ದಿತ್ತು. ಗೆಲುವನ್ನು ಸ್ವೀಕರಿಸಿ ಮನೆಗೆ ಹೋಗುವುದು ವಿವೇಕಿಗಳ ಕೆಲಸ. ನಾನು ಹೇಳಿದ್ದು, “ಸಾಧ್ಯವೇ ಇಲ್ಲ. ಇದು ಈಗ ಪ್ರಿನ್ಸಿಪಲ್ಲಿನ ಪ್ರಶ್ನೆ!”

“ಏನದು?”

“ಅಂದ್ರೆ... ತತ್ವ.”

“ಅದಕ್ಕೇನು ಮಾಡಬೇಕು?”

“ನಾನು ನೋಡ್ಕೋತೀನಿ. ನೀನು ಸುಮ್ನೆ ಮನೇಲಿ ಕೂತಿರು. ಅವರ ದಿಕ್ಕಿನಲ್ಲಿ ನಡೆದ್ರೆ ನೋಟೀಸನ್ನ ನಾವು ಒಪ್ಪಿಕೊಂಡ ಹಾಗೆ. ನಮ್ಮ ದಿಕ್ಕಿನಲ್ಲಿ ನಡೆದ್ರೆ ನಿಯಮ ಮುರಿದ ಹಾಗೆ. ಎರಡೂ ನಮ್ಮ ಕೇಸಿಗೆ ಒಳ್ಳೇದಲ್ಲ.”

“ಎಷ್ಟು ದಿನ?”

“ಒಂದೆರಡು ದಿನ ಅಷ್ಟೆ.”

ಅಜ್ಜಿ ಓದಿದ ಮೊಮ್ಮಗಳನ್ನು ನಂಬಿದಳು. ಆ ತಲೆಮಾರಿನವರಲ್ಲಿ ಇದೊಂದು ದೌರ್ಬಲ್ಯ.

ಮ್ಯಾನೇಜರಮ್ಮ ಏರ್‌ಕಂಡೀಶನರಿನ ಕೆಳಗೆ ಕೂತು ನನ್ನ ಮಾತು ಪೂರ್ತಿ ಕೇಳಿಸಿಕೊಂಡಳು. ಧಾರ್ಮಿಕ ಸ್ವಾತಂತ್ರ್ಯದಿಂದ ಶುರುಮಾಡಿ, ನಡೆಯುವವರು ಎದುರು ಬರುವ ವಾಹನಕ್ಕೆ ಮುಖ ಮಾಡಿಯೇ ನಡೆಯಬೇಕೆಂಬ ರಸ್ತೆ ನಿಯಮದವರೆಗೆ ಬಂದೆ. ಇದು ನಿವಾಸಿಗಳ ಸಮಿತಿಗೆ ಬಿಟ್ಟ ವಿಷಯ, ಸಮಿತಿ ಮುಂದಿನ ತಿಂಗಳ ಮೊದಲ ಮಂಗಳವಾರ ಸೇರುತ್ತದೆ, ಅಲ್ಲಿ ಇಷ್ಟೇ ಚೆನ್ನಾಗಿ ಮಾತಾಡು ಎಂದಳು. ಮೊದಲ ಮಂಗಳವಾರಕ್ಕೆ ಇನ್ನೂ ಹದಿನೆಂಟು ದಿನವಿತ್ತು.

ಆ ಹದಿನೆಂಟು ದಿನದಂಥ ಸುಖದ ದಿನಗಳನ್ನು ನಾನು ಕಂಡಿಲ್ಲ. ಲೈಬ್ರರಿಯಲ್ಲಿ ಕೂತು ಸೂಚಿ ಕಾರ್ಡುಗಳಲ್ಲಿ ಟಿಪ್ಪಣಿ ಬರೆದೆ, ಬ್ಲಾಕಿನಿಂದ ಬ್ಲಾಕಿಗೆ ಅಲೆದು ಸಹಿ ಸಂಗ್ರಹಿಸಿದೆ. ಮಳೆಯ ಬಗ್ಗೆ ಕೇಳಿದ್ದ ಮುದುಕ ಕೂಡ ಸಹಿ ಹಾಕಿದ. ಅಜ್ಜಿ ಕಿಟಕಿಯ ಬಳಿ ಕೂತು ಜಾಗಿಂಗ್ ತಂಡ ಸುತ್ತು ಹಾಕುವುದನ್ನು ನೋಡುತ್ತ ದ್ರಾಕ್ಷಿ ತಿನ್ನುತ್ತಿದ್ದಳು. ಈ ಸೀಮೆಯಲ್ಲಿ ದ್ರಾಕ್ಷಿ ಅಗ್ಗ, ಅಪ್ಪ ಬುಟ್ಟಿಗಟ್ಟಲೆ ತರುತ್ತಿದ್ದ.

“ಇವತ್ತರ ಹೋಗೋಣೇನು?” ಎಂದು ಮೂರು ಗಂಟೆಗೆ ಕೇಳುತ್ತಿದ್ದಳು. ಒಮ್ಮೊಮ್ಮೆ ಬೂಟು ಹಾಕಿಕೊಂಡೇ ಕೇಳುತ್ತಿದ್ದಳು.

“ಇನ್ನು ಸ್ವಲ್ಪ ದಿನ ಅಜ್ಜಿ. ಕೇಸು ಸ್ಟ್ರಾಂಗಾಗಿದೆ.”

ಅಮ್ಮ ಒಂದು ಸಂಜೆ ಬೈದಳು. “ಏನೇ ಇದು, ಡಾಕ್ಟರು ವಾಕಿಂಗ್ ಮಾಡ್ಸಿ ಅಂದ್ರೆ ನೀನು ಸತ್ಯಾಗ್ರಹ ಮಾಡ್ಸ್ತಿದೀಯಲ್ಲ!” ಅಮ್ಮನ ಮಾತಿನಲ್ಲಿ ತರ್ಕದೋಷವಿದೆಯೆಂದು ತೋರಿಸಿಕೊಟ್ಟು ನನ್ನ ಕೋಣೆಗೆ ಹೋದೆ.

ಮಂಗಳವಾರ ನಾನು ಗೆದ್ದೆ. ಸಮಿತಿಯ ಏಳು ಜನ ಮಡಿಸುವ ಕುರ್ಚಿಯ ಮೇಲೆ ಕೂತು ಒಕ್ಕೊರಲಿನಿಂದ ತೀರ್ಮಾನಿಸಿದರು: ದಾರಿಯ ನಡುವೆ ಬಿಳಿಗೆರೆ ಎಳೆಯುವುದು, ಮರಳಿನ ಬದಿಯಲ್ಲಿ ನಡೆಯುವವರು ಕೊಳವನ್ನು ಬಲಕ್ಕೆ ಇಟ್ಟುಕೊಂಡು, ಹೊರಬದಿಯಲ್ಲಿ ಓಡುವವರು ಎಡಕ್ಕೆ ಇಟ್ಟುಕೊಂಡು ಸಾಗುವುದು. ಸ್ಟಾಪ್‌ವಾಚಿನವನು ಎದ್ದು ಬಂದು ಕೈಕುಲುಕಿದ. ನೀನು ವಕೀಲಳಾಗಬೇಕು ಎಂದ. ಅವನನ್ನು ಮೂಢನೆಂದು ಬರೆದುಕೊಂಡದ್ದಕ್ಕೆ ಸ್ವಲ್ಪ ಪಶ್ಚಾತ್ತಾಪವಾಯಿತು.

ರಕ್ತ ಪರೀಕ್ಷೆ ಆ ಶುಕ್ರವಾರವೇ ಇತ್ತು.

ಡಾಕ್ಟರು ಚೀಟಿ ನೋಡಿ ಅಪ್ಪನನ್ನು ಕೇಳಿದರು, “ವಾಕಿಂಗ್ ಮಾಡ್ಸಿದ್ರಾ?” ಅಪ್ಪ ನನ್ನನ್ನು ನೋಡಿದ. ಸಕ್ಕರೆ ಇಳಿದಿರಲಿಲ್ಲ, ಮೊದಲಿಗಿಂತ ಒಂದಿಷ್ಟು ಮೇಲೇ ಹತ್ತಿತ್ತು. ಡಾಕ್ಟರು ಔಷಧಿ ಬರೆದರು, ಸೂಜಿ ಹಿಡಿಯುವುದನ್ನು ಒಂದು ಕಿತ್ತಳೆಹಣ್ಣಿನ ಮೇಲೆ ತೋರಿಸಿಕೊಟ್ಟರು. ಎರಡು ತಿಂಗಳು ನೋಡೋಣ, ಚೆನ್ನಾಗಿ ನಡೆದರೆ ನಿಲ್ಲಿಸಿದರೂ ನಿಲ್ಲಿಸಬಹುದು ಎಂದರು. ಎರಡು ತಿಂಗಳೆಂದರೆ ದಸರೆ ದಾಟಿತು.

ಮನೆಗೆ ಬಂದವನೇ ಅಪ್ಪ ಟ್ರಾವೆಲ್ ಏಜೆಂಟಿಗೆ ಫೋನು ಮಾಡಲು ಡೈರಿ ತೆಗೆದ. ನಾನು ಅಡ್ಡ ನಿಂತೆ.

“ಅಪ್ಪ, ರಾಯಚೂರಲ್ಲಿ ಐಸ್ ಸಿಗುತ್ತೆ. ಥರ್ಮಾಸಲ್ಲಿ ಇಡಬಹುದು. ಅಲ್ಲೇ ಇರೋ ಚಿಕ್ಕಪ್ಪನ್ನ ಕೇಳಿದ್ರೆ...”

“ಕೇಳ್ತೀನಿ. ಮೊದಲು ನೀ ಹೇಳು. ಹದಿನೆಂಟು ದಿನ ಆಕೀನ ಯಾಕ ಕೂಡಿಸಿದಿ?”

ಅಪ್ಪ ದನಿ ಏರಿಸಲಿಲ್ಲ. ನಿಜಕ್ಕೂ ಉತ್ತರ ಬೇಕಾದವನಂತೆ ಕಾದ. ಕಡೆಗೆ ಡಯಲ್ ತಿರುಗಿಸಿದ. ಅಜ್ಜಿಯ ಟಿಕೆಟ್ಟು ಸಂಕ್ರಾಂತಿಯ ಆಚೆಗೆ ಹೋಯಿತು. ಅಜ್ಜಿ ಸೋಫಾದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದು ನೀಲಿ ಏರೋಗ್ರಾಮು ತರಿಸಿ, ಅಕ್ಕನಿಗೆ ಬರೆಯಲು ನನ್ನನ್ನೇ ಕೂರಿಸಿದಳು.

“ಹಂಡೆ ನನ್ನದ ಅಂತ ಬರಿ. ಸಂಕ್ರಾಂತಿ ಆದಮ್ಯಾಲ ಬರ್ತೀನಿ, ಅಲ್ಲೀತನಕ ಇರು ಅಂತ ಬರಿ.”

ಬರೆದೆ. ಒಂದಕ್ಷರವನ್ನೂ ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಇಂಜೆಕ್ಷನ್ ಕೊಟ್ಟ. ಮಧ್ಯಾಹ್ನ ಮೂರಕ್ಕೆ ಅಜ್ಜಿ ಬೂಟಿನ ಲೇಸು ಬಿಗಿದು, ಕೊಡೆ ಬಿಚ್ಚಿ ಹೊರಬಿದ್ದಳು. ಕಟ್ಟಡದ ನೆರಳು ಯಾವ ಬದಿಗಿದೆ ಎಂದು ನೋಡಿ ಅತ್ತಲೇ ತಿರುಗಿದಳು. ಕೊಳ ಎಡಕ್ಕೆ ಉಳಿಯಿತು. ಸೆರಗಿನ ತುದಿಯಲ್ಲಿ ಗಂಟಿರಲಿಲ್ಲ. ಹೊಸದಾಗಿ ಬಳಿದ ಬಿಳಿಗೆರೆಯ ಮೇಲೇ ಬಿರಬಿರನೆ ನಡೆದಳು. ನಾನು ಹಿಂದೆ.

ಅರ್ಧ ಸುತ್ತಿಗೆ ಸ್ಟಾಪ್‌ವಾಚಿನವನು ನಮ್ಮ ಪಕ್ಕಕ್ಕೆ ಬಂದು, ನಮ್ಮ ನಡಿಗೆಗೆ ಸಮವಾಗಿ ಓಟ ತಗ್ಗಿಸಿ, ತುಂಬ ವಿನಯದಿಂದ ನೆನಪಿಸಿದ: ನಡೆಯುವವರು ಒಳಬದಿಯಲ್ಲಿ, ಕೊಳವನ್ನು ಬಲಕ್ಕೆ ಇಟ್ಟುಕೊಂಡು ಹೋಗಬೇಕಲ್ಲವೇ, ನೀನೇ ಮಾಡಿಸಿದ ನಿಯಮ?

“ಏನಂತಾನ?” ಅಜ್ಜಿ ನಿಲ್ಲದೆಯೇ ಕೇಳಿದಳು.

“ನಾವು ಉಲ್ಟಾ ಹೋಗ್ತಿದೀವಂತೆ.”

“ಹೌದು ಅನ್ನು. ಅವನ ಜೊತಿ ಮಾತಿಗೆ ನಿಂತಿ ಅಂದ್ರ ನಿನ್ನ ಬಿಟ್ಟು ಹೋಗ್ತೀನಿ ನೋಡು.”

ಅವನಿಗೆ ಹೌದು ಎಂದೆ, ಕ್ಷಮಿಸಿ ಎಂದೆ. ಅಷ್ಟು ಹೇಳುವುದರೊಳಗೆ ಕೊಡೆ ತಿರುವಿನ ಮರದವರೆಗೆ ಹೋಗಿಬಿಟ್ಟಿತ್ತು, ಓಡಿಹೋಗಿ ಸೇರಿಕೊಳ್ಳಬೇಕಾಯಿತು.