ವೀರಭದ್ರಪ್ಪನ ಗಂಡ ಗಡಿಗೆಪ್ಪ

ರಾಯಚೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಕರ್ರಂ ಅವರ ಜೆರಾಕ್ಸ್ ಅಂಗಡಿ. ಹಳೆಯ ಫ್ಲಾಪಿಗಳನ್ನು ಈಗಿನ ಕಂಪ್ಯೂಟರಿಗೆ ಓದಿಸುವ ಡ್ರೈವು ಅವರ ಬಳಿಯಿದೆ ಎಂಬ ಸುದ್ದಿ ಹೇಗೋ ದೇವದುರ್ಗದ ಸರ್ಕಾರಿ ಕಚೇರಿಯೊಂದಕ್ಕೆ ಮುಟ್ಟಿತ್ತು. ಅಲ್ಲಿನ ಗುಮಾಸ್ತ ಸುಭಾಷ್ ಒಂದು ಫೈಲು ಹಿಡಿದು ಬಂದ. ಜೊತೆಗೆ ಎಪ್ಪತ್ತು ದಾಟಿದ ವೀರಭದ್ರಮ್ಮ.

1999ರಲ್ಲಿ ಆಕೆಗೆ ಸಿಕ್ಕ ಮನೆ ಜಾಗದ ಹಕ್ಕುಪತ್ರದಲ್ಲಿ ಹೆಸರು ವೀರಭದ್ರಪ್ಪ ಎಂದಾಗಿತ್ತು. ಫಲಾನುಭವಿಗಳ ಮೂಲ ಪಟ್ಟಿ ನೋಡದೆ ತಿದ್ದಲಾಗದು ಎಂದು ಕಚೇರಿ ಹೇಳುತ್ತಲೇ ಬಂದಿತ್ತು. ಕಾಗದದ ಪಟ್ಟಿಯನ್ನು ಗೆದ್ದಲು ವಿಲೇವಾರಿ ಮಾಡಿತ್ತು. ಉಳಿದದ್ದು ಒಂದು ಫ್ಲಾಪಿ. ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಹಾಕಲು ಜಾಗವೇ ಇರಲಿಲ್ಲ. ಆದರೂ 'ಫ್ಲಾಪಿ ಸುಸ್ಥಿತಿಯಲ್ಲಿದೆ' ಎಂದು ವರ್ಷಕ್ಕೊಮ್ಮೆ ಸಹಿ ಬೀಳುತ್ತಿತ್ತು.

ಮುಕರ್ರಂ ಫೈಲು ಬಿಚ್ಚಿ ದಂಗಾದರು. ಕಚೇರಿಯವರು ಫ್ಲಾಪಿಯ ಮೂಲೆಗೆ ತೂತು ಕೊರೆದು ದಾರ ಕಟ್ಟಿದ್ದರು.

"ಏನ್ರಿ ಸುಭಾಷ್ ಇದು?"

"ಜೋಪಾನ ಇರ್ಲಿ ಅಂತ ಟ್ಯಾಗ್ ಹಾಕೀವ್ರಿ."

ಪುಣ್ಯಕ್ಕೆ ತೂತು ಪ್ಲಾಸ್ಟಿಕ್ಕನ್ನಷ್ಟೇ ದಾಟಿತ್ತು. ಮುಕರ್ರಂ ಹೊದಿಕೆ ಬಿಡಿಸಿ, ಒಳಗಿನ ತೆಳು ಬಿಲ್ಲೆಗೆ ಹಿಡಿದಿದ್ದ ಬೂಷ್ಟನ್ನು ಹತ್ತಿಯಿಂದ ಒರೆಸಿ, ಬೇರೆ ಹೊದಿಕೆಗೆ ಸೇರಿಸಿದರು. ಮೂರನೆಯ ಸಲಕ್ಕೆ ಡ್ರೈವು ಗರಗರ ಎಂದಿತು. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

"ಕೆಟ್ಟದೇನ್ರಿ?" ಎಂದ ಸುಭಾಷ್.

"ಇಲ್ಲ. ಆವಾಗಿನ ಕನ್ನಡ ಫಾಂಟ್ ಬ್ಯಾರೆ ಅದ."

ತಾವು ಉಳಿಸಿಕೊಂಡಿದ್ದ ಹಳೆಯ ಫಾಂಟ್ ಹಾಕಿದರು. ಸಾಲು ಕಾಣಿಸಿತು: 'ಹೆಸರು: ವೀರಭದ್ರಪ್ಪ. ಗಂಡನ ಹೆಸರು: ಗಡಿಗೆಪ್ಪ.' ಪಟ್ಟಿಯ ಕೊನೆಯಲ್ಲಿ: 'ಟೈಪ್ ಮಾಡಿದವರು: ಮುಕರ್ರಂ.'

ಹಿಂದೆ ಅದೇ ಕಚೇರಿಯಲ್ಲಿ ಆರು ವರ್ಷ ದಿನಗೂಲಿಯ ಮೇಲೆ ದುಡಿದು, ಅದಕ್ಕೆ ಪುರಾವೆಯಾಗಿ ಒಂದು ಚೀಟಿಯೂ ಇಲ್ಲದೆ ಹೊರಬಿದ್ದವರು ಅವರು. ಸುಮ್ಮನಿದ್ದರೂ ನಡೆಯುತ್ತಿತ್ತು. ಸುಮ್ಮನಿರಲಾಗಲಿಲ್ಲ.

"ಯವ್ವಾ, ಇದು ನಾನ ಟೈಪ್ ಮಾಡಿದ್ದು. ತಪ್ಪು ನಂದ."

ವೀರಭದ್ರಮ್ಮ ಮುಕರ್ರಂ ಕಡೆ ತಿರುಗಿದರು. "ಇಪ್ಪತ್ತಾರು ವರ್ಷ ನನ್ನ ಗಂಡಸು ಮಾಡಿ ಇಟ್ಟಿದ್ದಿ ಏನಪಾ! ಹೋಗ್ಲಿ, ಈಗರ ಹೆಂಗಸು ಮಾಡಿಸಿಕೊಡು."

ಮರುದಿನ ಮುಕರ್ರಂ ದೇವದುರ್ಗಕ್ಕೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಕಚೇರಿಯ ಸಾಹೇಬರು ಅದನ್ನು ಎರಡು ಸಲ ಓದಿದರು.

"ನೀವು ಇಲ್ಲಿ ಕೆಲಸ ಮಾಡಿದ್ದಕ್ಕ ದಾಖಲಿ ಎಲ್ಲದ?"

"ನೀವು ಕೊಟ್ಟಿದ್ರ ಇರ್ತಿತ್ರಿ," ಎಂದು ಮುಕರ್ರಂ ಪಟ್ಟಿಯ ಕೊನೆಯ ಸಾಲಿನ ಪ್ರಿಂಟು ಮುಂದಿಟ್ಟರು.

ವೀರಭದ್ರಮ್ಮ ಎದುರಿಗೇ ನಿಂತಿದ್ದರು. ಸಾಹೇಬರು ಫೈಲನ್ನೇ ನೋಡುತ್ತ ಬರೆದರು: 'ಅರ್ಜಿದಾರರಿಗೆ ಗಂಡನಿರುವುದು ಕಂಡುಬಂದಿರುವುದರಿಂದ ಅವರನ್ನು ಮಹಿಳೆಯೆಂದು ಪರಿಗಣಿಸಬಹುದು.'

ತಿಂಗಳೊಳಗೆ ವೀರಭದ್ರಮ್ಮನಿಗೆ ತಿದ್ದಿದ ಪತ್ರ ಸಿಕ್ಕಿತು. ಅದೇ ವಾರ ಮುಕರ್ರಂಗೂ ಒಂದು ನೋಟಿಸು ಬಂತು: 'ಈ ಕಚೇರಿಯ ಮಾಜಿ ನೌಕರರಾದ ತಾವು 1999ರಲ್ಲಿ ಎಸಗಿದ ಲೋಪಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.'

'ಮಾಜಿ ನೌಕರ' ಎಂಬಲ್ಲಿ ಅವರು ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತರು. ಆಮೇಲೆ ನೋಟಿಸಿಗೆ ಲ್ಯಾಮಿನೇಷನ್ ಮಾಡಿ, ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಹಾಕಿದರು. ಸಮಜಾಯಿಷಿ ಇನ್ನೂ ಬರೆದಿಲ್ಲ.