ಗೌರವ್ವನ ಹೊಂಡದ ಶೇವಾಳ

ಕೊರೊನಾ ಮುಗಿದ ಮರುವರ್ಷ ನಾನು ಚಿಕ್ಕೋಡಿಯಲ್ಲಿದ್ದು, ಸುತ್ತಲಿನ ರೈತರಿಗೆ ಕೃಷಿ ಹೊಂಡದಲ್ಲಿ ಮೀನು ಸಾಕಲು ಸಲಹೆ ಕೊಡುತ್ತಿದ್ದೆ. ಮೂಲತಃ ತುಮಕೂರಿನವನು. ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬಸ್ಸಿನಲ್ಲಿ ಕುಳಿತ ಮೇಲೂ ಅನುಮಾನಪಡುವ ಜಾತಿ. ಅನುಮಾನ ಬರಲೇಬೇಕಾಗಿದ್ದ ದಿನ ಮಾತ್ರ ಬರಲಿಲ್ಲ.

ಶಿರಗುಪ್ಪಿಯ ಗೌರವ್ವ ಕಬ್ಬಿನ ಹೊಲದ ಹೊಂಡದಲ್ಲಿ ರೋಹು, ಕಾಟ್ಲಾ ಬಿಟ್ಟಿದ್ದರು. ಇನ್ನೊಂದು ತಿಂಗಳಿಗೆ ಮೊದಲ ಬಲೆ. "ನಮ್ಮ ವೈನಿ ಕಬ್ಬ ಬಿಟ್ಟು ಮೀನಾ ಬೆಳಿತಾಳಂತ" ಎಂದು ಊರನ್ನೆಲ್ಲ ನಗಿಸುತ್ತಿದ್ದ ಮೈದುನನ ಎದುರೇ ಎತ್ತಬೇಕಾದ ಬಲೆ. ಒಂದು ಮಧ್ಯಾಹ್ನ ಅವರ ಫೋನ್ ಬಂತು.

"ಸರ, ಹೊಂಡದಾಗ ಶೇವಾಳ ಭಾಳ ಆಗೇತ್ರಿ. ಫೋಟೋ ಕಳಸ್ಲೇನ್ರಿ?"

"ಬ್ಯಾಡ್ರಿ. ಶೇವಾಳ ಅಂದ್ರ ನನಗ ತಿಳಿಯೂದಿಲ್ಲೇನ್ರಿ?"

ಈ ಗಡಿಯಲ್ಲಿ ಹತ್ತು ವರ್ಷ ಇದ್ದು ಕಲಿತ ಮರಾಠಿ ಪದಗಳಲ್ಲಿ ಅದೂ ಒಂದು. ಶೇವಾಳ ಎಂದರೆ ಪಾಚಿ. ಪಾಚಿಗೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಅಳತೆ ಹೇಳಿ ಫೋನ್ ಇಟ್ಟೆ.

ನಾಲ್ಕನೇ ದಿನ ಬೆಳಿಗ್ಗೆ, "ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ್ರಿ" ಎಂದರು. ನಾನು ಹೋಗುವಷ್ಟರಲ್ಲಿ ಅರ್ಧಕ್ಕರ್ಧ ಬೆಳ್ಳಗೆ ತೇಲುತ್ತಿದ್ದವು. ಪಂಪು ಹಚ್ಚಿ ನೀರು ಚಿಮ್ಮಿಸಿ ಉಳಿದವನ್ನು ಉಳಿಸಿಕೊಂಡೆವು. ಆಮೇಲೆ ನೀರಿಗೆ ಕೈ ಹಾಕಿದೆ. ಬಂದದ್ದು ಪಾಚಿಯಲ್ಲ. ಬಾಡಿದ ದಂಟಿನ ಸುತ್ತ ನಾಲ್ಕೈದು ಪುಟ್ಟ ಎಲೆ. ಬೆರಳ ನಡುವೆ ಎಳೆದರೆ ಅಂಚು ಗರಗಸದಂತೆ ತರಿತರಿ. ಹೈಡ್ರಿಲ್ಲಾ. ನೀರೊಳಗೇ ಬೆಳೆದು ಹಗಲೆಲ್ಲ ಆಮ್ಲಜನಕ ಬಿಡುವ, ನಮ್ಮ ನೆಲದ್ದೇ ಸಸ್ಯ. ಒಂದಿಷ್ಟು ಕಿತ್ತು ಹಾಕಿದ್ದರೆ ಸಾಕಿತ್ತು. ನನ್ನ ಔಷಧಕ್ಕೆ ಅದಷ್ಟೂ ಒಮ್ಮೆಲೇ ಸತ್ತು ಕೊಳೆತು, ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕಿತ್ತು.

"ಇದಕ್ಕ ಏನಂತೀರಿ?" ಗೌರವ್ವನನ್ನು ಕೇಳಿದೆ.

"ಶೇವಾಳ."

"ಪಾಚಿಗೆ?"

"ಅದೂ ಶೇವಾಳನ ರೀ. ಅದಕ್ಕ ಫೋಟೋ ಕಳಸ್ಲೇನಂತ ಕೇಳಿದ್ದು."

ದಂಡೆಯ ಮೇಲಿದ್ದ ಮೈದುನ ನಕ್ಕ. "ಆತಲ್ಲ ವೈನಿ, ಮೀನದ ಸುಗ್ಗಿ. ಯಾರು ಹೇಳಿದ್ರು ಆ ಔಷಧ ಹಾಕಂತ?"

"ಯಾರಿಲ್ಲ. ಹಾಕಿದಾಕಿ ನಾನು. ಸುಮ್ನ ನಡಿ" ಎಂದರು ಗೌರವ್ವ.

ನಾನು ಬಾಯಿ ಬಿಡಲಿಲ್ಲ. ಆಗ ಅಲ್ಲಿ ಬಾಯಿ ಬಿಡುತ್ತಿದ್ದದ್ದು ಮೀನು ಮಾತ್ರ.

ಈಗ ಯಾರೇ ಶೇವಾಳ ಎಂದರೂ, "ಕೈಯಾಗ ಹಿಡದ್ರ ಜಾರತೈತೋ, ತರಿತರಿ ಐತೋ?" ಎಂದು ಕೇಳಿ, ಬಸ್ಸು ಹತ್ತಿ ಹೋಗಿ ನೋಡಿಯೇ ಔಷಧ ಹೇಳುತ್ತೇನೆ. ವೃತ್ತಿ ಕಲಿಸಿದ ಪಾಠ ಅಷ್ಟು. ಮರುವಾರ ಶಿರಗುಪ್ಪಿಗೆ ಹೋಗಿ, ತಪ್ಪು ನನ್ನದೆಂದು ಗೌರವ್ವನಿಗೆ ಹೇಳಿಯೂ ಬಂದೆ. ಆದರೆ ಆ ಮಾತು ಮೈದುನನ ಕಿವಿಗೆ ಬೀಳಬೇಕಿತ್ತು. ಅವನು ಅಂದು ಊರಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ನಾನು ಬಸ್ಸು ಹತ್ತಿದ್ದೆ.