ತಂತಿಯೊಳಗಿನ ಬದು

ಲೋಹದ ಪಾಠ ಕೇಳಿದ ರೈತನೊಬ್ಬ ಕೈ ಹಿಡಿದು ನನ್ನನ್ನು ಬಸ್ಸಿನಿಂದ ಇಳಿಸಿಕೊಂಡ. ಯಾಕಿರಬಹುದು, ಹೇಳಿ ನೋಡೋಣ?

ವಿಜಯಪುರದಿಂದ ಬಬಲೇಶ್ವರಕ್ಕೆ ಹೊರಟಿದ್ದೆ. ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾದರೂ ನನ್ನ ಮಾತಿಗೆ ನಿವೃತ್ತಿಯಿಲ್ಲ. ಪಕ್ಕದ ಸೀಟಿನಲ್ಲಿದ್ದ ಜೈನಾಪುರದ ಹಿರಿಯ ರೈತನೊಬ್ಬ ಕೈಲಿದ್ದ ಬೇಲಿ ತಂತಿ ಬಗ್ಗಿಸುತ್ತ, "ಇದು ಮುರೀದ ಹೆಂಗ ಬಗ್ಗತೈತ್ರಿ ಮಾಸ್ತರ?" ಎಂದ. ಶುರುಮಾಡಿದೆ.

"ಕಾರಣ ಭಾಳ ಅದಾವ, ಒಂದು ಹೇಳ್ತೀನಿ. ತಂತಿಯೊಳಗ ಸಣ್ಣ ಸಣ್ಣ ಹೊಲ ಅದಾವ ಅಂತ ತಿಳ್ಕೊರಿ. ಒಂದೊಂದು ಹೊಲದಾಗ ಪರಮಾಣುಗಳ ಸಾಲು ಒಂದೊಂದು ದಿಕ್ಕಿಗೆ. ನಡುವ ಬದು. ಒತ್ತಡ ಬಿದ್ರ ಬದುವಿನ ಮ್ಯಾಲಿನ ಪರಮಾಣು ದೂರ ಹೋಗಂಗಿಲ್ಲ, ಇದ್ದಲ್ಲೇ ಚೂರು ಹೊರಳಿ ಆಚಿ ಹೊಲದ ಸಾಲಿಗೆ ಸೇರ್ತೈತಿ. ಹಿಂಗ ಒಂದೊಂದ ಸೇರಿ, ಯಾರಿಗೂ ಗೊತ್ತಾಗದಂಗ ಬದು ತಾನ ಸರಿದು ಒಂದು ಹೊಲ ದೊಡ್ಡದಾಗತೈತಿ, ಇನ್ನೊಂದು ಸಣ್ಣದಾಗತೈತಿ!"

ಹಿರಿಯನ ಮುಖ ಸಣ್ಣದಾಯಿತು. ಹಿಂದಿನ ಸೀಟಿನವನೊಬ್ಬ ಎದ್ದು ನಿಂತ. "ಕೇಳಿದೇನ ಅಣ್ಣಾ? ನೀ ವರ್ಷಾ ಒಂದೊಂದು ಸಾಲು ನನ್ನ ಹೊಲ ಒತ್ತಿದ್ದು ಗುರ್ತಿಲ್ಲದ ಮಾಸ್ತರಿಗೂ ಗೊತ್ತಾಗೇತಿ!"

"ನಿಮಗ ಯಾರು ಹೇಳಿದರ್ರೀ?" ಹಿರಿಯನ ದನಿ ಇಳಿದಿತ್ತು.

"ಸೂಕ್ಷ್ಮದರ್ಶಕದಾಗ ಚೊಲೋ ಕಾಣತೈತ್ರಿ" ಎಂದೆ, ಇನ್ನೂ ಲೋಹದ ಗುಂಗಿನಲ್ಲೇ.

"ಯಪ್ಪಾ, ಯಂತ್ರದಾಗೂ ಬಂತಾ! ಆತು ತಮ್ಮಾ, ಬದುವಿನ ಕಲ್ಲು ಹಿಂದಕ್ಕ ಹಾಕೋಣು. ಮಾಸ್ತರ ನಿಂತು ನೋಡ್ಲಿ."

ಜೈನಾಪುರದಲ್ಲಿ ಇಳಿದೆವು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕಲ್ಲಿಗೆ ಜೊತೆಯಾಗಿ ಕೈಹಚ್ಚಿದರು. ಆಮೇಲೆ ನನ್ನನ್ನು ನಡುವೆ ಕೂರಿಸಿಕೊಂಡು, ಮನೆಯವರು ಹೊಲಕ್ಕೆ ತಂದಿದ್ದ ಬುತ್ತಿಗಂಟು ಬಿಚ್ಚಿ, ಸಜ್ಜಿ ರೊಟ್ಟಿ, ಕಡಬು ಬಡಿಸಿದರು. ಪರಮಾಣುಗಳು ಹಿಂದೆ ಸರಿಯಲು ಇಷ್ಟು ಸುಲಭವಾಗಿ ಒಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಅವಕ್ಕೆ ಊರಿಗೂರೇ ಹೊಲಕ್ಕೆ ಬಂದು ಬದುವಿನ ಮೇಲೆ ಒಟ್ಟಿಗೆ ಊಟಕ್ಕೆ ಕೂರುವ ದಿನವೆಂಬುದಿಲ್ಲವಲ್ಲ. ಅವತ್ತು ಎಳ್ಳಮಾವಾಸ್ಯೆ.